ಡಿಟ್ಟೋ ಅಂದ್ರೆ ಏನು? ಲೆಕ್ಕದ ಪುಸ್ತಕದ ಒಂದು ಪದ, ನಮ್ಮೂರ ಸುತ್ತಲಿನ ಕಲ್ಲುಗಳು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ನಾನು ಮಾತಾಡ್ತಿರೋದು ಹಗರೆಯಿಂದ. ಹಾಸನದಿಂದ ಬೇಲೂರಿಗೆ ಹೋಗೋ ದಾರಿಯಲ್ಲಿ, ಹಳೇಬೀಡಿಗೆ ತಿರುಗಿಕೊಳ್ಳೋ ಊರು ನಮ್ಮದು. ದೇವಸ್ಥಾನ ನೋಡೋಕೆ ಬಂದವರು ಇಲ್ಲಿ ಟೀ ಕುಡಿದು ಮುಂದೆ ಹೋಗ್ತಾರೆ. ಇವತ್ತು ಸ್ವಲ್ಪ ಹೊತ್ತು ಇಲ್ಲೇ ನಿಲ್ಲೋಣ.

ಇವತ್ತಿನ ವಿಷಯ ಒಂದೇ ಒಂದು ಪದ. ಡಿಟ್ಟೋ. ಇಂಗ್ಲಿಷ್ ಪದ, ಆದ್ರೆ ಇಂಗ್ಲಿಷ್ ಬರದೇ ಇರೋರೂ ಬಳಸೋ ಪದ. "ಮಗು ಡಿಟ್ಟೋ ಅಪ್ಪನ ಥರ" ಅಂತ ಅಜ್ಜಿಯರು ಹೇಳ್ತಾರೆ. "ನಂದೂ ಡಿಟ್ಟೋ" ಅಂತ ಹೋಟೆಲಲ್ಲಿ ಫ್ರೆಂಡ್ ಹೇಳಿದ್ರೆ ಅವನಿಗೂ ಮಸಾಲೆ ದೋಸೆ ಬರುತ್ತೆ. ಇದು ರಿಪೀಟಾ, ಕಾಪಿನಾ, ಸೇಮಾ? ಮೂರೂ ಒಂದೇ ಅಂತ ನಾವು ಅಂದ್ಕೊಂಡಿರ್ತೀವಿ. ಅಲ್ಲ. ಡಿಟ್ಟೋ ಏನನ್ನೂ ರಿಪೀಟ್ ಮಾಡೋದಿಲ್ಲ. ಅದು ಬೆರಳು ತೋರಿಸುತ್ತೆ ಅಷ್ಟೇ. ಈ ಸಣ್ಣ ವ್ಯತ್ಯಾಸ ಗೊತ್ತಾದ್ರೆ ಎಕ್ಸೆಲ್ ಶೀಟಿಂದ ಹಿಡಿದು ಆಸ್ತಿ ಪತ್ರ, ಶಾಸನ, ವಾಟ್ಸಾಪ್ ಫಾರ್ವರ್ಡ್‌ವರೆಗೆ ಬಹಳಷ್ಟು ವಿಷಯ ಬೇರೆ ಥರ ಕಾಣಿಸುತ್ತೆ.

ಪದ ಬಂದಿದ್ದು ಲೆಕ್ಕದ ಪುಸ್ತಕದಿಂದ

ನಾನು ಓದಿದ್ದು ಬಿ.ಕಾಂ. ಹಾಗಾಗಿ ಈ ಪದದ ಮೇಲೆ ನಂಗೆ ಸ್ವಲ್ಪ ಹಕ್ಕಿದೆ ಅಂತ ಅಂದ್ಕೋತೀನಿ. ಡಿಟ್ಟೋ ಇಟಲಿಯ ಪದ. ಇಟಾಲಿಯನ್ ಭಾಷೆಯಲ್ಲಿ 'ದೆತ್ತೋ' ಅಂದ್ರೆ 'ಹೇಳಿದ್ದು'. ಟಸ್ಕನಿ ಪ್ರಾಂತ್ಯದ ಆಡುಮಾತಲ್ಲಿ ಅದೇ 'ದಿತ್ತೋ'. ಇಟಲಿಯ ವ್ಯಾಪಾರಿಗಳು ಲೆಕ್ಕ ಬರೆಯೋದರಲ್ಲಿ ಯೂರೋಪಿಗೇ ಮೇಷ್ಟ್ರು. ನಾವು ಕಾಲೇಜಲ್ಲಿ ಕಲಿಯೋ ಡಬಲ್ ಎಂಟ್ರಿ ಪದ್ಧತಿಯನ್ನ ಲೂಕಾ ಪಚೋಲಿ ಅನ್ನೋ ಸನ್ಯಾಸಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ. ಅವನೇ ಕಂಡುಹಿಡಿದಿದ್ದಲ್ಲ. ವ್ಯಾಪಾರಿಗಳು ಮೊದಲೇ ಮಾಡ್ತಿದ್ದದ್ದನ್ನ ಪುಸ್ತಕದಲ್ಲಿ ವಿವರಿಸಿದ.

ಡಿಟ್ಟೋ ಇಂಗ್ಲಿಷಿಗೆ ಬಂದಿದ್ದು 1620ರ ದಶಕದಲ್ಲಿ. ಮೊದಮೊದಲು ಅದರ ಅರ್ಥ ತುಂಬಾ ಸಣ್ಣದು: 'ಈಗಾಗಲೇ ಹೇಳಿದ ತಿಂಗಳು'. ಒಂದು ಸಾಲಲ್ಲಿ ಮಾರ್ಚ್ 4 ಅಂತ ಬರೆದಾಯ್ತು. ಮುಂದಿನ ಸಾಲಲ್ಲಿ ಮತ್ತೆ ಮಾರ್ಚ್ ಅಂತ ಯಾರು ಬರೀತಾರೆ? '9 ಡಿಟ್ಟೋ' ಅಂತ ಬರೆದು ಮುಂದೆ ಹೋದರು. ಆಮೇಲೆ ತಿಂಗಳು ಬಿಟ್ಟು ಎಲ್ಲದಕ್ಕೂ ಬಳಕೆಯಾಯ್ತು. ನಾವು ಕೆಳಗಿನ ಸಾಲಲ್ಲಿ ಹಾಕೋ ಎರಡು ಪುಟ್ಟ ಗೀಟು ಕೂಡ ಡಿಟ್ಟೋನೇ. ಗೀಟಿನ ಐಡಿಯಾ ಮಾತ್ರ ಇಟಲಿಗಿಂತ ಎಷ್ಟೋ ಹಳೇದು. ಅಸ್ಸೀರಿಯಾದ ಒಂದು ಮಣ್ಣಿನ ಹಲಗೆ ಸಿಕ್ಕಿದೆ, ಕಡಿಮೆ ಅಂದ್ರೂ 2600 ವರ್ಷ ಹಳೇದು. ಸಮಾನಾರ್ಥಕ ಪದಗಳ ಪಟ್ಟಿ ಅದು. ಮೇಲಿನ ಪದಾನೇ ಮತ್ತೆ ಬರಬೇಕಾದ ಕಡೆ ಎರಡು ನೆಟ್ಟಗಿನ ಗೀಟು ಹಾಕಿದಾರೆ. ಕೈ ನೋವು ಎಲ್ಲಾ ಕಾಲದಲ್ಲೂ ಒಂದೇ.

ಇನ್ನೊಂದು ವಿಷಯ ನಂಗೆ ತುಂಬಾ ಇಷ್ಟ ಆಯ್ತು. ಇಟಲಿಯ ಈ ಪದ ಬಂದಿದ್ದು 'ಹೇಳು' ಅನ್ನೋ ಅರ್ಥದ ಲ್ಯಾಟಿನ್ ಧಾತುವಿನಿಂದ. ಆ ಧಾತುವಿನ ಇನ್ನೂ ಹಳೇ ಅರ್ಥ 'ತೋರಿಸು'. ಭಾಷಾಶಾಸ್ತ್ರಜ್ಞರ ಪ್ರಕಾರ ಅದು ಸಂಸ್ಕೃತದ 'ದಿಶ್' ಧಾತುವಿನ ನೆಂಟ. ದಿಕ್ಕು, ಆದೇಶ, ಉಪದೇಶ, ನಿರ್ದೇಶನ ಎಲ್ಲಾ ಅದೇ ಮನೆತನ. ಅಂದ್ರೆ ಸಿನಿಮಾ ನಿರ್ದೇಶಕನೂ ನಮ್ಮ ಡಿಟ್ಟೋನೂ ದೂರದ ದಾಯಾದಿಗಳು. ನಾನು ಶುರುವಲ್ಲಿ ಬೆರಳು ತೋರಿಸುತ್ತೆ ಅಂದಿದ್ದು ಇದಕ್ಕೇ.

ಬಳಸೋದು ಹೇಗೆ

ಈಗ ಪ್ರಾಕ್ಟಿಕಲ್ ಭಾಗ. ಮಾತಲ್ಲಿ ಡಿಟ್ಟೋ ಅಂದ್ರೆ 'ನೀನು ಹೇಳಿದ್ದೇ, ನನ್ನ ಕಡೆಯಿಂದಲೂ'. "ನಂಗೆ ನಿದ್ದೆ ಬರ್ತಿದೆ", "ಡಿಟ್ಟೋ". ಇಲ್ಲಿ ನಿನ್ನ ನಿದ್ದೆ ಅಲ್ಲ, ನನ್ನ ನಿದ್ದೆ. ಆಫೀಸಿನ ಪತ್ರದಲ್ಲಿ, ಪರೀಕ್ಷೆಯ ಉತ್ತರದಲ್ಲಿ ಡಿಟ್ಟೋ ಅನ್ನೋ ಪದ ಹಾಕಬೇಡಿ, ಅದು ಹರಟೆಯ ಪದ. ಪಟ್ಟಿಯಲ್ಲಿ, ಲೆಕ್ಕದಲ್ಲಿ ಹಾಕಬಹುದು.

ಅಲ್ಲೂ ಎರಡು ನಿಯಮ ಇವೆ. ನಮ್ಮ ಅಕೌಂಟೆನ್ಸಿ ಮೇಷ್ಟ್ರು ಪದೇ ಪದೇ ಹೇಳ್ತಿದ್ರು. ಒಂದು, ಮೊತ್ತದ ಕಾಲಮ್ಮಿನಲ್ಲಿ ಯಾವತ್ತೂ ಡಿಟ್ಟೋ ಹಾಕಬಾರದು. ಮೇಲೂ 500, ಕೆಳಗೂ 500 ಇದ್ರೆ ಎರಡು ಸಲವೂ 500 ಅಂತಲೇ ಬರೀಬೇಕು. ಎರಡು, ಪುಟ ಮುಗಿದು ಹೊಸ ಪುಟ ಶುರುವಾದ್ರೆ ಮೊದಲ ಸಾಲಲ್ಲಿ ಡಿಟ್ಟೋ ಹಾಕಬಾರದು, ಪೂರ್ತಿ ಬರೀಬೇಕು. ಯಾಕೆ? ಯಾಕಂದ್ರೆ ಆ ಪುಟದಲ್ಲಿ ಅದರ ಮೇಲೆ ಏನೂ ಇಲ್ಲ.

ಎಕ್ಸೆಲ್‌ನಲ್ಲಿ ಕೆಲಸ ಮಾಡೋರು ಒಂದು ಪ್ರಯೋಗ ಮಾಡಿ ನೋಡಿ. ಊರಿನ ಹೆಸರಿನ ಕಾಲಮ್ಮಿನಲ್ಲಿ ಮೊದಲ ಸಾಲಿಗೆ 'ಹಗರೆ' ಅಂತ ಹಾಕಿ, ಕೆಳಗಿನ ಹತ್ತು ಸಾಲಿಗೆ ಡಿಟ್ಟೋ ಗೀಟು ಹಾಕಿ. ಆಮೇಲೆ ಆ ಶೀಟನ್ನ ಹೆಸರಿನ ಪ್ರಕಾರ ಸಾರ್ಟ್ ಮಾಡಿ. ಸಾಲುಗಳು ಜಾಗ ಬದಲಾಯಿಸ್ತವೆ, ಗೀಟುಗಳು ಯಾವುದೋ ಬೇರೆ ಊರಿನ ಕೆಳಗೆ ಹೋಗಿ ಕೂತ್ಕೋತವೆ. ಒಂದಕ್ಷರವೂ ಅಳಿಸಿಲ್ಲ, ಆದ್ರೆ ಮಾಹಿತಿ ಹಾಳು. ಅದೇ ಕಂಟ್ರೋಲ್ ಡಿ ಒತ್ತಿ ಪ್ರತಿ ಸಾಲಿಗೂ 'ಹಗರೆ' ಅಂತ ಇಳಿಸಿದ್ರೆ ಹೇಗೆ ಬೇಕಾದ್ರೂ ಸಾರ್ಟ್ ಮಾಡಿ, ಏನೂ ಆಗಲ್ಲ. ಕಂಟ್ರೋಲ್ ಡಿ ರಿಪೀಟ್ ಮಾಡುತ್ತೆ. ಗೀಟು ಬರೀ ತೋರಿಸುತ್ತೆ.

ಮನುಷ್ಯರ ವಿಷಯದಲ್ಲೂ ಹೀಗೇ. 1990ರ 'ಘೋಸ್ಟ್' ಅನ್ನೋ ಹಾಲಿವುಡ್ ಸಿನಿಮಾ ನೋಡಿದೋರಿಗೆ ನೆನಪಿರುತ್ತೆ. ಹುಡುಗಿ ಪ್ರೀತಿಸ್ತೀನಿ ಅಂದಾಗೆಲ್ಲ ಹುಡುಗ 'ಡಿಟ್ಟೋ' ಅಂತಾನೆ. ಅವಳಿಗೆ ಅದೇ ಕೊರಗು. ಅರ್ಥ ಒಂದೇ ತಾನೇ ಅಂತ ನಾವು ಕೇಳಬಹುದು. ಅವಳಿಗೆ ಬೇಕಿದ್ದಿದ್ದು ಅರ್ಥ ಅಲ್ಲ, ಅವನ ಬಾಯಿಂದ ಆ ಮಾತು.

ಕನ್ನಡದವರು ಎರಡೆರಡು ಸಲ ಯಾಕೆ ಹೇಳ್ತೀವಿ

ಮಾತನ್ನ ಮತ್ತೆ ಆಡೋ ವಿಷಯದಲ್ಲಿ ಕನ್ನಡಕ್ಕೆ ನಾಚಿಕೆ ಇಲ್ಲ. ಬನ್ನಿ ಬನ್ನಿ, ಬೇಡ ಬೇಡ, ಬಿಸಿ ಬಿಸಿ, ಮನೆಮನೆ. ಇದಕ್ಕೆ ದ್ವಿರುಕ್ತಿ ಅಂತ ಹೈಸ್ಕೂಲಲ್ಲಿ ಓದಿದ್ದು ನೆನಪಿದೆಯಾ? 'ಮನೆ' ಅಂದ್ರೆ ಒಂದು ಮನೆ. 'ಮನೆಮನೆ' ಅಂದ್ರೆ ಎರಡು ಮನೆ ಅಲ್ಲ, ಪ್ರತಿಯೊಂದು ಮನೆ. 'ಬನ್ನಿ' ಅಂದ್ರೆ ಕರೆ. 'ಬನ್ನಿ ಬನ್ನಿ' ಅಂದ್ರೆ ಆದರ. ಎರಡನೇ ಸಲ ಹೇಳಿದಾಗ ಮೊದಲ ಸಲ ಇಲ್ಲದ ಏನೋ ಸೇರ್ಕೊಳ್ಳುತ್ತೆ. ಡಿಟ್ಟೋಗೆ ಈ ಶಕ್ತಿ ಇಲ್ಲ. ನೆಂಟರು ಬಾಗಿಲಲ್ಲಿ ನಿಂತಾಗ "ಬನ್ನಿ, ಡಿಟ್ಟೋ" ಅಂದ್ರೆ ಹೇಗಿರುತ್ತೆ ಹೇಳಿ. ಇಂಗ್ಲಿಷಿನ 'ಸೇಮ್' ಪದವನ್ನೂ ನಾವು ಸುಮ್ಮನೆ ಬಿಡಲಿಲ್ಲ, 'ಸೇಮ್ ಟು ಸೇಮ್' ಮಾಡಿದ್ವಿ.

ಹಳೇ ಕಾವ್ಯಶಾಸ್ತ್ರದವರೂ ಇದನ್ನ ಯೋಚಿಸಿದ್ರು. ಹೇಳಿದ್ದನ್ನೇ ಸುಮ್ಮನೆ ಮತ್ತೆ ಹೇಳೋದು ದೋಷ, ಅದಕ್ಕೆ ಹೆಸರು ಪುನರುಕ್ತಿ. ಉಕ್ತ ಅಂದ್ರೆ ಹೇಳಿದ್ದು, ಇಟಲಿಯ ದಿತ್ತೋಗೂ ಅದೇ ಅರ್ಥ. ಆದ್ರೆ ದಂಡಿ ತನ್ನ 'ಕಾವ್ಯಾದರ್ಶ'ದಲ್ಲಿ ಒಂದು ವಿನಾಯಿತಿ ಕೊಡ್ತಾನೆ. ಮರುಕ ಉಕ್ಕಿ ಬಂದಾಗ, ಭಾವ ತೀವ್ರವಾದಾಗ ಮತ್ತೆ ಹೇಳಿದ್ರೆ ಅದು ದೋಷ ಅಲ್ಲ, ಅಲಂಕಾರವೇ ಅಂತಾನೆ. ಕನ್ನಡದಲ್ಲಿ ನಮಗೆ ಸಿಕ್ಕಿರೋ ಮೊದಲ ಗ್ರಂಥ, 9ನೇ ಶತಮಾನದ 'ಕವಿರಾಜಮಾರ್ಗ', ಇದೇ ದಂಡಿಯ ದಾರಿಯಲ್ಲಿ ಬಹಳಷ್ಟು ನಡೆದ ಪುಸ್ತಕ.

ಸದರಿ ಜಮೀನು, ಯಾವ ಜಮೀನು?

ಹಾಗಾದ್ರೆ ಕನ್ನಡದಲ್ಲಿ ಡಿಟ್ಟೋ ಇಲ್ಲವಾ? ಇದೆ. ಕಂದಾಯ ಮತ್ತು ಕೋರ್ಟಿನ ಕನ್ನಡದಲ್ಲಿ ರಾಶಿ ರಾಶಿ ಇದೆ. 'ಮೇಲ್ಕಂಡ' ನಮ್ಮದೇ ಪದ. 'ಸದರಿ' ಅರಬ್ಬಿಯ 'ಸದರ್' ಅನ್ನೋ ಪದದಿಂದ ಬಂದಿದ್ದು, ಮುಂಭಾಗ ಅಥವಾ ಮೇಲ್ಭಾಗ ಅಂತ ಅರ್ಥ. ಹಳೇ ಪತ್ರಗಳಲ್ಲಿ 'ಮಜಕೂರು' ಅಂತ ಬರುತ್ತೆ, ಅದೂ ಅರಬ್ಬಿಯದೇ, 'ಹೇಳಿದ' ಅಂತ. ನೋಡಿ, ಇಟಲಿಯ ವ್ಯಾಪಾರಿ, ಅರಬ್ಬಿ ಕಲಿತ ಗುಮಾಸ್ತ, ನಮ್ಮ ಶಾನುಭೋಗರು, ಮೂವರೂ ಒಂದೇ ಉಪಾಯ ಹೂಡಿದಾರೆ.

ನಮ್ಮ ಮನೆಯಲ್ಲಿ ಒಂದು ಹಳೇ ಕ್ರಯಪತ್ರ ಇತ್ತು. ಇತ್ತು ಅಂದ್ರೆ, ಎರಡನೇ ಹಾಳೆ ಮಾತ್ರ ಇತ್ತು. ಅದು ಶುರುವಾಗೋದೇ 'ಸದರಿ ಜಮೀನಿನಲ್ಲಿ' ಅಂತ. ಮುಂದೆ ಸದರಿ ಜಮೀನು, ಸದರಿ ಖರೀದಿದಾರರು, ಸದರಿ ಮೊಬಲಗು. ಹಾಳೆ ತುಂಬಾ ಸದರಿ. ಸರ್ವೆ ನಂಬರ್ ಇಲ್ಲ, ಚೆಕ್ಕುಬಂದಿ ಇಲ್ಲ, ಕೊಂಡವರ ಹೆಸರೂ ಇಲ್ಲ. ಅದೆಲ್ಲ ಮೊದಲ ಹಾಳೆಯಲ್ಲಿ, ಮೊದಲ ಹಾಳೆ ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ಸಹಿ ಇದೆ, ಮುದ್ರೆ ಇದೆ, ಎಲ್ಲವೂ ನಿಜ, ಆದ್ರೆ ಯಾವ ಜಮೀನು ಅಂತ ಆ ಹಾಳೆಯನ್ನ ಕೇಳಿದ್ರೆ ಉತ್ತರ ಇಲ್ಲ. ಮನೆಯಲ್ಲಿ ದೊಡ್ಡಪ್ಪನಿಗೂ ಅಪ್ಪನಿಗೂ ಇದೇ ವಿಷಯಕ್ಕೆ ಮೂರು ತಿಂಗಳು ಮಾತು ಬಿಟ್ಟಿತ್ತು.

ಕೊನೆಗೆ ಬಿಡಿಸಿದ್ದು ಏನು ಗೊತ್ತಾ? ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ತಂದ ದೃಢೀಕೃತ ನಕಲು. 1908ರ ನೋಂದಣಿ ಕಾಯ್ದೆ ಪ್ರಕಾರ, ನೋಂದಣಿಗೆ ಒಪ್ಪಿಕೊಂಡ ದಸ್ತಾವೇಜನ್ನ ಕಚೇರಿಯ ಪುಸ್ತಕಕ್ಕೆ ನಕಲು ಮಾಡಬೇಕು. ಸಾರಾಂಶ ಅಲ್ಲ, ನಕಲು. ಹಿಂದೆಲ್ಲ ಅದನ್ನ ಕೂತು ಕೈಯಲ್ಲೇ ಬರೀತಿದ್ರು. ಯಾರೋ ಒಬ್ಬ ಗುಮಾಸ್ತರು ಇಡೀ ಪತ್ರವನ್ನ ಎರಡನೇ ಸಲ ಬರೆದಿದ್ದಕ್ಕೆ ನಮ್ಮ ಮನೆಯಲ್ಲಿ ಇಬ್ಬರು ಅಣ್ಣ ತಮ್ಮಂದಿರು ಮತ್ತೆ ಮಾತಾಡೋ ಹಾಗಾಯ್ತು.

ಕಲ್ಲಿಗೆ ಮೇಲಿನ ಪುಟ ಇಲ್ಲ

ಈಗ ನಮ್ಮ ಸುತ್ತಲಿನ ಕಲ್ಲುಗಳ ಹತ್ರ ಬರೋಣ. ಭೂಮಿ ಕೊಟ್ಟಿದ್ದನ್ನ ದಾಖಲಿಸೋ ಕೆಲಸ ಈ ನೆಲದಲ್ಲಿ ಕಾಗದಕ್ಕಿಂತ ಎಷ್ಟೋ ಮುಂಚೆ ಕಲ್ಲಲ್ಲಿ ನಡೀತಿತ್ತು. ನಮ್ಮ ಬೇಲೂರು ತಾಲ್ಲೂಕಲ್ಲೇ ಹಲ್ಮಿಡಿ ಇದೆ. ಅಲ್ಲಿ ಸಿಕ್ಕ ಶಾಸನವನ್ನ ಎಂ.ಎಚ್. ಕೃಷ್ಣ ಅವರು ಮೈಸೂರು ಪುರಾತತ್ತ್ವ ಇಲಾಖೆಯ 1936ರ ವರದಿಯಲ್ಲಿ ಪ್ರಕಟಿಸಿದ್ರು. ಸುಮಾರು ಕ್ರಿ.ಶ. 450ರದ್ದು, 16 ಸಾಲು. ಕದಂಬರ ಕಾಲದಲ್ಲಿ ಯುದ್ಧದಲ್ಲಿ ಗೆದ್ದ ವಿಜ ಅರಸ ಅನ್ನೋ ವೀರನಿಗೆ ಪಲ್ಮಿಡಿ, ಮೂಳಿವಳ್ಳಿ ಅನ್ನೋ ಊರುಗಳನ್ನ ಕೊಟ್ಟ ದಾಖಲೆ.

ಪರೀಕ್ಷೆಗೆ ನಾವೆಲ್ಲ ಇದರ ಇಸವಿ ಬಾಯಿಪಾಠ ಮಾಡಿರ್ತೀವಿ. ಆದ್ರೆ ಒಂದು ಗಮನಿಸಿ. ಇಷ್ಟು ಚಿಕ್ಕ ಬರಹದಲ್ಲಿ 'ಮಹಾಪಾತಕ'ದ ಮಾತು ಎರಡು ಸಲ ಬರುತ್ತೆ. ಕದ್ದವನು ಮಹಾಪಾತಕಿ ಅಂತ ಒಮ್ಮೆ, ಹಾಳು ಮಾಡಿದವರಿಗೆ ಮಹಾಪಾತಕ ಅಂತ ಇನ್ನೊಮ್ಮೆ. ಜಾಗ ಕಮ್ಮಿ, ಕಲ್ಲು ಗಟ್ಟಿ, ಉಳಿ ಹಿಡಿದು ಒಂದೊಂದೇ ಅಕ್ಷರ ಕೊರೀಬೇಕು. ಆದ್ರೂ ಮತ್ತೆ ಕೊರೆದಿದಾರೆ. ಬೆದರಿಕೆಯನ್ನ ಒಂದೇ ಸಲ ಹೇಳಿದ್ರೆ ಸಾಲದು ಅಂತ ಅವರಿಗೂ ಗೊತ್ತಿತ್ತು.

ಮುಂದೆ ಹೊಯ್ಸಳರ ಕಾಲಕ್ಕೆ ಬಂದ್ರೆ ಇದು ಪದ್ಧತಿಯೇ ಆಗಿಹೋಗಿದೆ. ದಾನಶಾಸನದ ಕೊನೆಯಲ್ಲಿ ಶಾಪ. ತಾನು ಕೊಟ್ಟಿದ್ದಾಗಲಿ ಬೇರೆಯವರು ಕೊಟ್ಟಿದ್ದಾಗಲಿ, ದಾನದ ಭೂಮಿ ಕಿತ್ತುಕೊಂಡವನು 60 ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟುತ್ತಾನೆ ಅನ್ನೋ ಅರ್ಥದ ಶ್ಲೋಕ. ವಾರಣಾಸಿಯಲ್ಲಿ ಕವಿಲೆ ಹಸುಗಳನ್ನ ಕೊಂದ ಪಾಪ ಬರುತ್ತೆ ಅನ್ನೋ ಮಾತು. ಈ ಊರಿನ ಕಲ್ಲಲ್ಲೂ ಅದೇ, ಪಕ್ಕದ ಊರಿನ ಕಲ್ಲಲ್ಲೂ ಅದೇ.

ಬಿ.ಎಲ್. ರೈಸ್ ಈ ಶಾಸನಗಳನ್ನ ಸಂಗ್ರಹಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಅನ್ನೋ ಸಂಪುಟಗಳನ್ನ ತಂದ್ರು. ಹಾಸನ ಜಿಲ್ಲೆಯ 5ನೇ ಸಂಪುಟ ಬಂದಿದ್ದು 1902ರಲ್ಲಿ. ಅದರ ಇಂಗ್ಲಿಷ್ ಅನುವಾದ ತೆಗೆದು ನೋಡಿ. ಶಾಸನದ ಕೊನೆಗೆ ಬಂದಾಗ ರೈಸ್ ಮತ್ತೆ ಮತ್ತೆ ಒಂದೇ ಮಾತು ಹಾಕ್ತಾರೆ: 'ಎಂದಿನ ಶಾಪವಾಕ್ಯಗಳು' ಅನ್ನೋ ಅರ್ಥದ ಒಂದು ಪುಟ್ಟ ಟಿಪ್ಪಣಿ. ಅಂದ್ರೆ, ಡಿಟ್ಟೋ!

ಒಂದು ಕ್ಷಣ ಯೋಚನೆ ಮಾಡಿ. ಉಳಿ ಸುತ್ತಿಗೆ ಹಿಡಿದು ಬಿಸಿಲಲ್ಲಿ ಕೂತವನು ಪೂರ್ತಿ ಕೊರೆದ. ಅಚ್ಚಿನ ಮೊಳೆ ಇದ್ದವರು ಡಿಟ್ಟೋ ಹಾಕಿದ್ರು. ಸೋಮಾರಿತನದ ಪ್ರಶ್ನೆ ಆಗಿದ್ರೆ ಉಲ್ಟಾ ಆಗಬೇಕಿತ್ತು. ರೈಸ್ ತಪ್ಪು ಮಾಡಿದ್ರು ಅಂತಲ್ಲ. ಅವರ ಕೈಯಲ್ಲಿದ್ದಿದ್ದು ಪುಸ್ತಕ. ಪುಸ್ತಕಕ್ಕೆ ಹಿಂದಿನ ಪುಟ ಇದೆ, ಹಾಗಾಗಿ ಡಿಟ್ಟೋ ನಡೆಯುತ್ತೆ. ಕೆರೆ ಏರಿಯ ಮೇಲೆ ಒಂಟಿಯಾಗಿ ನಿಂತ ಕಲ್ಲಿಗೆ ಹಿಂದಿನ ಪುಟ ಇಲ್ಲ. ಅದರ ಮುಂದೆ ನಿಂತವನಿಗೆ "ಬೇಲೂರಿನ ಕಲ್ಲಲ್ಲಿ ಹೇಳಿದ ಹಾಗೆ" ಅಂದ್ರೆ ಏನು ಪ್ರಯೋಜನ? ಅವನು ಬೇಲೂರಿಗೆ ಹೋಗ್ತಾನಾ? ಹೋದ್ರೂ ಆ ಕಲ್ಲು ಅಲ್ಲೇ ಇರುತ್ತಾ? ಹಾಗಾಗಿ ಪ್ರತಿ ಕಲ್ಲೂ ತನ್ನ ಮಾತನ್ನ ತಾನೇ ಪೂರ್ತಿ ಹೇಳ್ಕೋಬೇಕು. ಅಕ್ಕಪಕ್ಕದ ಕಲ್ಲು ಒಡೆದುಹೋದ್ರೂ ಉಳಿದ ಕಲ್ಲು ಓದೋಕೆ ಬರೋದು ಇದಕ್ಕೇ.

ನೂರು ಸಲ ಹೇಳಿದ್ರೆ ನೂರು ಸಾಕ್ಷಿನಾ?

ಇಲ್ಲಿಗೆ ರಿಪೀಟ್ ಒಳ್ಳೇದು, ಡಿಟ್ಟೋ ಕೆಟ್ಟದ್ದು ಅಂತ ಮುಗಿಸಬಹುದಿತ್ತು. ಆದ್ರೆ ಹಳೇಬೀಡಿನ ರಸ್ತೆ ನಮ್ಮನ್ನ ಅಷ್ಟು ಸುಲಭವಾಗಿ ಬಿಡಲ್ಲ. ಇನ್ನೊಂದು ಮುಖ ಇದೆ.

ಸಳನ ಕಥೆ ಎಲ್ಲರಿಗೂ ಗೊತ್ತು. ಸೊಸೆವೂರಿನಲ್ಲಿ, ಅಂದ್ರೆ ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ಹುಲಿ ಮೇಲೆ ಬಿತ್ತು. ಜೈನ ಮುನಿ "ಹೊಯ್ ಸಳ" ಅಂದ್ರು, ಸಳ ಹೊಡೆದ, ಹೊಯ್ಸಳ ವಂಶ ಆಯ್ತು. ಬೇಲೂರಿನ ಚೆನ್ನಕೇಶವ ದೇವಸ್ಥಾನದ ಬಾಗಿಲಲ್ಲೇ ಸಳ ಮೃಗದ ಜೊತೆ ಹೋರಾಡ್ತಾ ನಿಂತಿದಾನೆ. ಎಷ್ಟೋ ಶಾಸನಗಳ ವಂಶದ ವರ್ಣನೆಯಲ್ಲಿ ಈ ಕಥೆ ಬರುತ್ತೆ. ಇಷ್ಟೊಂದು ಕಲ್ಲು ಹೇಳ್ತಿವೆ ಅಂದ್ಮೇಲೆ ನಿಜ ಇರಲೇಬೇಕಲ್ವಾ?

ಆಡಿಟ್‌ನಲ್ಲಿ ನಮಗೆ ಮೊದಲು ಹೇಳಿಕೊಡೋ ವಿಷಯ ಇದು. ಒಂದೇ ಬಿಲ್ಲಿನ ಹತ್ತು ಜೆರಾಕ್ಸ್ ತಂದಿಟ್ಟರೆ ಹತ್ತು ಬಿಲ್ ಆಗಲ್ಲ. ಒಂದೇ ಬಿಲ್. ಶಾಸನಗಳನ್ನ ಇದೇ ಕಣ್ಣಲ್ಲಿ ನೋಡಿ. ಹೊಯ್ಸಳ, ಪೊಯ್ಸಳ ಅನ್ನೋ ಹೆಸರು 11ನೇ ಶತಮಾನದಲ್ಲೇ, ವಿಷ್ಣುವರ್ಧನನ ಅಜ್ಜ ವಿನಯಾದಿತ್ಯನ ಕಾಲದಲ್ಲೇ ಬಳಕೆಯಲ್ಲಿತ್ತು. ಸಳ ಹುಲಿ ಹೊಡೆದ ಕಥೆ ನಮಗೆ ವಿವರವಾಗಿ ಸಿಗೋದು ಆಮೇಲೆ, ವಿಷ್ಣುವರ್ಧನನ 1117ರ ಬೇಲೂರು ಶಾಸನದ ಹೊತ್ತಿಗೆ. ಅದಕ್ಕೆ ಸ್ವಲ್ಪ ಮುಂಚೆ, ಸುಮಾರು 1116ರಲ್ಲಿ, ಅವನು ತಲಕಾಡಿನಲ್ಲಿ ಚೋಳರನ್ನ ಸೋಲಿಸಿದ್ದ. ಚೋಳರ ಲಾಂಛನ ಯಾವುದು? ಹುಲಿ. ಆ ಗೆಲುವಿನ ಆಮೇಲೆ ಈ ಕಥೆಗೆ ಬಲ ಬಂದಿರಬೇಕು ಅಂತ ಇತಿಹಾಸಕಾರರು ಊಹಿಸೋದು ಇದಕ್ಕೇ. ಕಥೆಯ ವಿವರಗಳು ಒಂದಕ್ಕೊಂದು ಸರಿಯಾಗಿ ಹೊಂದಲ್ಲ ಅನ್ನೋ ಕಾರಣಕ್ಕೆ ಇದನ್ನ ಐತಿಹ್ಯ ಅಂತಲೇ ಇಡ್ತಾರೆ.

ಅಂದ್ರೆ ಆಸ್ಥಾನದಲ್ಲಿ ಒಮ್ಮೆ ಒಪ್ಪಿಕೊಂಡ ವಂಶಾವಳಿಯನ್ನ ಆಮೇಲಿನ ಕವಿಗಳು, ಲಿಪಿಕಾರರು ಪೂರ್ತಿಪೂರ್ತಿಯಾಗಿ ಮತ್ತೆ ಬರೆದ್ರು. ಬರೆದಿದ್ದು ಪೂರ್ತಿ, ಆದ್ರೆ ಸಾಕ್ಷಿಯ ಲೆಕ್ಕದಲ್ಲಿ ಅವೆಲ್ಲ ಡಿಟ್ಟೋ. ಎಲ್ಲಾ ಬೆರಳೂ ತೋರಿಸೋದು ಮೇಲಿನ ಅದೇ ಒಂದು ಸಾಲನ್ನ. ಇದರಿಂದ ಸಳನ ಕಥೆಯ ಬೆಲೆ ಕಮ್ಮಿಯಾಗಲ್ಲ. ಒಂದು ರಾಜಮನೆತನ ತನ್ನನ್ನ ತಾನು ಹೇಗೆ ನೋಡ್ಕೊಳ್ತಿತ್ತು ಅನ್ನೋದಕ್ಕೆ ಇದು ಒಳ್ಳೇ ಸಾಕ್ಷಿ. ಕಾಡಲ್ಲಿ ಒಂದು ದಿನ ನಡೆದ ಘಟನೆಗೆ ಮಾತ್ರ ಸಾಕ್ಷಿ ಅಲ್ಲ.

ಹಾಗಾಗಿ ಮತ್ತೆ ಹೇಳೋದಕ್ಕೆ ಎರಡು ಗುಣ ಇವೆ, ಬೆರೆಸಬಾರದು. ಮತ್ತೆ ಹೇಳಿದ್ರೆ ಮಾತು ಉಳಿಯುತ್ತೆ. ಮತ್ತೆ ಹೇಳಿದ ಮಾತ್ರಕ್ಕೆ ಮಾತು ನಿಜ ಆಗಲ್ಲ. ನಮ್ಮ ಕ್ರಯಪತ್ರದ ನಕಲು ಕೆಲಸಕ್ಕೆ ಬಂದಿದ್ದು ಅದು ನಕಲು ಅನ್ನೋ ಕಾರಣಕ್ಕಲ್ಲ, ಮೂಲವನ್ನ ನೋಡಿಕೊಂಡು ಮಾಡಿದ್ದು, ಯಾವ ಪುಸ್ತಕ ಯಾವ ಪುಟ ಅಂತ ತೋರಿಸೋಕೆ ಆಗುತ್ತೆ ಅನ್ನೋ ಕಾರಣಕ್ಕೆ.

ನಮ್ಮ ಫೋನಿಗೆ ದಿನಾ ಬರೋ ಇತಿಹಾಸವನ್ನ ಈಗ ನೋಡಿ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ವು. ಅದು ಖುಷಿಯ ವಿಷಯ, ಮೂಲ ಬೇಕಾದ್ರೆ ಯುನೆಸ್ಕೋ ಪಟ್ಟಿಯಲ್ಲೇ ಇದೆ. ಆದ್ರೆ ಅದೇ ದೇವಸ್ಥಾನಗಳ ಬಗ್ಗೆ ರೀಲ್ಸ್‌ಗಳಲ್ಲಿ ಏನೇನೋ ಬರುತ್ತೆ. ಈ ಶಿಲ್ಪದ ಕೈಯಲ್ಲಿರೋದು ಇಂಥ ಯಂತ್ರ, ಈ ಕಂಬದಲ್ಲಿ ಇಂಥ ರಹಸ್ಯ. ಐದು ಗ್ರೂಪಲ್ಲಿ ಬಂತು ಅಂದ್ರೆ ನಿಜ ಇರಬೇಕು ಅನ್ಸುತ್ತೆ. ಐದು ಗ್ರೂಪಲ್ಲಿ ಬಂದಿದ್ದು ಒಂದೇ ಜೆರಾಕ್ಸ್. ಫಾರ್ವರ್ಡ್ ಬಟನ್ ಅಂದ್ರೆ ನಮ್ಮ ಕಾಲದ ಡಿಟ್ಟೋ ಗೀಟು.

ಅದಕ್ಕೇ ನಾನು ನಂಗೇ ಒಂದು ಪ್ರಶ್ನೆ ಇಟ್ಕೊಂಡಿದ್ದೀನಿ, ನೀವೂ ಬೇಕಾದ್ರೆ ಇಟ್ಕೊಳ್ಳಿ: "ಇದರ ಮೇಲಿನ ಸಾಲು ಎಲ್ಲಿದೆ?" ಒಂದು ಪೋಸ್ಟ್ ಬಂದಾಗ, ಮನೆಯಲ್ಲಿ ಯಾರಾದ್ರೂ "ಮೊದಲಿಂದ ಹೀಗೇ ನಡ್ಕೊಂಡು ಬಂದಿದೆ" ಅಂದಾಗ, ಆಫೀಸಲ್ಲಿ "ಹೋದ ವರ್ಷದ್ದೇ ಹಾಕಿ" ಅಂದಾಗ, ಈ ಪ್ರಶ್ನೆ ಕೇಳಿ. ಮೇಲಿನ ಸಾಲು ಸಿಕ್ಕಿದ್ರೆ ಒಳ್ಳೇದು, ಧೈರ್ಯವಾಗಿ ಡಿಟ್ಟೋ ಅನ್ನಿ. ಸಿಗದೇ ಹೋದ್ರೆ ಅದು ನಮ್ಮ ಮನೆಯ ಎರಡನೇ ಹಾಳೆ ಇದ್ದ ಹಾಗೆ, ಸಹಿ ಮುದ್ರೆ ಎಲ್ಲಾ ಇದೆ, ಜಮೀನು ಮಾತ್ರ ಯಾವುದೋ ಗೊತ್ತಿಲ್ಲ.

ಕೊನೆಗೆ ಒಂದು ಕೆಲಸ ಹೇಳ್ತೀನಿ. ಮನೆಯಲ್ಲಿರೋ ಹಳೇ ಪತ್ರಗಳನ್ನ ಈ ಭಾನುವಾರ ಒಮ್ಮೆ ತೆಗೆದು ನೋಡಿ. 'ಸದರಿ' ಅಂತ ಶುರುವಾಗೋ ಹಾಳೆ ಒಂಟಿಯಾಗಿ ಇದ್ರೆ ಅದರ ಮೊದಲ ಹಾಳೆ ಹುಡುಕಿ, ಸಿಗದಿದ್ರೆ ದೊಡ್ಡವರು ಇರೋವಾಗಲೇ ಕೇಳಿ ಬರೆದಿಟ್ಕೊಳ್ಳಿ, ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಫೋಟೋ ತೆಗೆಯೋವಾಗ ಎಲ್ಲಾ ಹಾಳೆಗಳನ್ನೂ ಒಂದೇ ಫೈಲಲ್ಲಿ ಇಡಿ. ನಿಮ್ಮ ಕಡೆ 'ಸದರಿ', 'ಮಜಕೂರು' ಥರದ ಬೇರೆ ಪದಗಳು ಇದ್ರೆ ನಂಗೆ ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸೇರಿಸ್ತೀನಿ.

ಹೋಗಿ ಬರ್ತೀನಿ, ಸಿಗೋಣ ಸಿಗೋಣ.